ಸರ್ವರ್ ಸಾಹೇಬರು ಎದ್ದಿದ್ದಾರೆಯೇ?

ನಾಗಪುರದಲ್ಲಿ ನೆಲೆಸಿದ ಕನ್ನಡಿಗರಿಗೆ ಎರಡು ಸಂಗತಿಗಳನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಒಂದು, ಇಲ್ಲಿಯ ಮೇ ತಿಂಗಳಿನ ಬಿಸಿಲು. ಇನ್ನೊಂದು, ಕಚೇರಿಗಳ ಕಿಟಕಿಯೊಳಗಿಂದ ಕೇಳಿಬರುವ ‘ಸರ್ವರ್ ಡೌನ್’ ಎಂಬ ಎರಡು ಶಬ್ದಗಳು. ಬಿಸಿಲಿಗೆಂದು ಇಲ್ಲಿಯ ಜನ ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಂಡು ಹೊರಬೀಳುತ್ತಾರೆ. ಸರ್ವರ್ ಡೌನ್ ಆದುದಕ್ಕೆ ಮಾತ್ರ ಯಾವ ಉಳ್ಳಾಗಡ್ಡಿಯೂ ನಡೆಯದು. ಕೇಳಿದವರು ಬೆವರು ಒರೆಸಿಕೊಂಡು ಮನೆಗೆ ಮರಳಬೇಕು, ಅಷ್ಟೇ.

ವಾಚಕರಲ್ಲಿ ಹೆಚ್ಚಿನವರು ಆ ಕಿಟಕಿಯ ಹೊರಬದಿಯಲ್ಲಿ ನಿಂತವರು. ನಾವು ಒಳಬದಿಯಲ್ಲಿ ಕುಳಿತವರು. ಧಾರವಾಡದಲ್ಲಿ ಬಿ.ಎ. ಮುಗಿಸಿ, ಪರೀಕ್ಷೆ ಬರೆದು, ಈ ಊರಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಹನ್ನೊಂದು ವರ್ಷಗಳಾದವು. ಈ ಹನ್ನೊಂದು ವರ್ಷಗಳಲ್ಲಿ ಆ ಎರಡು ಶಬ್ದಗಳನ್ನು ನಾವೇ ಎಷ್ಟು ಸಲ ಉಚ್ಚರಿಸಿದ್ದೇವೆಯೋ ಲೆಕ್ಕವಿಲ್ಲ. ಉಚ್ಚರಿಸುವಾಗ ಸುಳ್ಳು ಹೇಳುತ್ತಿದ್ದೇವೆಂಬ ಭಾವನೆ ಒಮ್ಮೆಯೂ ಬಂದಿರಲಿಲ್ಲ. ಅದು ಬಂದ ಬಗೆಯನ್ನೂ, ಬಂದ ಮೇಲೆ ನಾವು ಕಲಿತ ಒಂದು ಪುಟ್ಟ ವಿದ್ಯೆಯನ್ನೂ ನಮ್ಮ ಸಂಘದ ಕುಟುಂಬಗಳ ಮುಂದೆ ಇಡಬೇಕೆಂದು ಈ ಲೇಖನ.

ಎರಡು ವರ್ಷಗಳ ಹಿಂದಿನ ಡಿಸೆಂಬರ್ ತಿಂಗಳು. ಕಾಟೋಲಿನ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ನಮ್ಮ ಕಿಟಕಿಗೆ ಬಂದಳು. ಕಿತ್ತಳೆ ಕೊಯ್ಲಿನ ಕಾಲ. ತೋಟದಲ್ಲಿ ಕೂಲಿ ಸಿಗುವ ದಿನಗಳು. ಅಂಥ ಒಂದು ದಿನವನ್ನು ಬಿಟ್ಟು, ಎಸ್.ಟಿ. ಬಸ್ಸು ಹತ್ತಿ ಬಂದಿದ್ದಳು. ಕಾಲೇಜು ಓದುವ ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಒಂದು ದಾಖಲೆ ಬೇಕಾಗಿತ್ತು. ಅದು ಜಾಲತಾಣದಿಂದ ಮುದ್ರಿತವಾಗಿ ಬರಬೇಕು. ನಾವು ಗುಂಡಿ ಒತ್ತಿದೆವು. ತೆರೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ‘ಸರ್ವರ್ ಡೌನ್ ಬಾಯಿ, ನಾಲ್ಕು ದಿನ ಬಿಟ್ಟು ಬಾ’ ಎಂದೆವು. ನಾಲ್ಕು ದಿನ ಬಿಟ್ಟು ಬಂದಳು. ಅಂದೂ ಚಕ್ರವೇ. ಅಂದೇ ಅರ್ಜಿಯ ಕಡೆಯ ದಿನಾಂಕವೆಂದು ಆಕೆ ಹೇಳಿದಳು. ಸಂಜೆ ಐದರವರೆಗೆ ಬಾಗಿಲ ಬಳಿಯ ಬೆಂಚಿನಲ್ಲಿ ಕಾದಳು. ಕೊನೆಗೆ ಎದ್ದು ಬಂದು ಮರಾಠಿಯಲ್ಲಿ ಕೇಳಿದಳು: ‘ಭಾವೂ, ಈ ಸರ್ವರ್ ಸಾಹೇಬರು ಎಲ್ಲಿರುತ್ತಾರೆ? ಎಷ್ಟು ಹೊತ್ತಿಗೆ ಏಳುತ್ತಾರೆ? ಮನೆ ತೋರಿಸಿದರೆ ನಾನೇ ಹೋಗಿ ಕಾಲಿಗೆ ಬೀಳುತ್ತೇನೆ.’

ಪಕ್ಕದ ಮೇಜಿನವರು ನಕ್ಕರು. ನಿಜ ಹೇಳಬೇಕೆಂದರೆ, ನಾವೂ ನಕ್ಕೆವು. ಆಕೆ ನಗಲಿಲ್ಲ. ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು ಹೊರಟುಹೋದಳು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಈ ಮಾತನ್ನು ಮನೆಯಲ್ಲಿ ತಮಾಷೆಯೆಂದೇ ಹೇಳಿದೆವು. ನಮ್ಮ ಮನೆಯವರು ಬಡಿಸುವ ಕೈ ನಿಲ್ಲಿಸಿ, ‘ಅಕೀ ಕೇಳಿದ್ದರಾಗ ತಪ್ಪೇನದ? ಎಲ್ಲಿರತಾರ ಅಂತ ನಿಮಗರ ಗೊತ್ತದ ಏನು?’ ಎಂದರು. ಉತ್ತರ ಹೊಳೆಯಲಿಲ್ಲ.

ಉತ್ತರ ಬಂದದ್ದು ಸಂಕ್ರಾಂತಿಗೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಭಾವಮೈದುನ ಅಕ್ಕನಿಗೆ ಕುಸರೆಳ್ಳು ತೆಗೆದುಕೊಂಡು ಸಂಘಮಿತ್ರಾ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿದ್ದ. ಮಾತಿಗೆ ಮಾತು ಬಂದು ಈ ಕಥೆಯನ್ನು ಅವನಿಗೂ ಹೇಳಿದೆವು.

‘ಭಾವಾ, ಸರ್ವರ್ ಡೌನ್ ಅಂತ ನಿಮಗ ಯಾರು ಹೇಳಿದ್ರು?’ ಎಂದ.

‘ಯಾರು ಹೇಳಬೇಕೋ? ಪುಟ ಬರಲಿಲ್ಲ.’

‘ಪೋಸ್ಟಿನಾಗ ಕಾಗದ ಬರಲಿಲ್ಲ ಅಂದ್ರ ಬರೆದವರು ಸತ್ತಾರ ಅಂತ ತಿಳೀತೀರೇನು?’

ನಾವು ಸುಮ್ಮನಾದೆವು. ಆತ ನಮ್ಮ ಮಗನ ಕಂಪ್ಯೂಟರನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಕಪ್ಪು ಕಿಟಕಿಯನ್ನು ತೆರೆದ. ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತಲು ಗುಂಡಿಯಿಲ್ಲ. ಕಪ್ಪು ಹಲಗೆಯ ಮೇಲೆ ಮಿನುಗುವ ಒಂದು ಗೆರೆ, ಅಷ್ಟೇ. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು. ಇಲ್ಲಿ ಮನುಷ್ಯ ಒಂದು ಸಾಲಿನ ಆಜ್ಞೆ ಬರೆಯುತ್ತಾನೆ. ಯಂತ್ರ ಒಂದೆರಡು ಸಾಲಿನ ಉತ್ತರ ಬರೆಯುತ್ತದೆ. ಕಚೇರಿಯ ಟಿಪ್ಪಣಿ ಹಾಳೆಯ ಪದ್ಧತಿಯೇ ಇದು. ಆದುದರಿಂದ ನಮಗೆ ಇದು ಅಪರಿಚಿತವೆನ್ನಿಸಲಿಲ್ಲ.

ಮೊದಲು ಆತ ಬರೆದ ಶಬ್ದ ‘ಪಿಂಗ್’. ಇದನ್ನು ರಚಿಸಿದವರು ಅಮೆರಿಕದ ಸೈನ್ಯದ ಒಂದು ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಎಂಬವರು. 1983ರ ಡಿಸೆಂಬರ್ ತಿಂಗಳಿನಲ್ಲಿ. ಜಾಲದಲ್ಲಿ ಏನೋ ತೊಡಕಾಗಿತ್ತಂತೆ. ಅದನ್ನು ಹುಡುಕಲೆಂದು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದರಂತೆ. ಜಲಾಂತರ್ಗಾಮಿ ನೌಕೆಗಳು ನೀರಿನಲ್ಲಿ ಒಂದು ಸದ್ದು ಹೊರಡಿಸಿ, ಅದರ ಪ್ರತಿಧ್ವನಿ ಮರಳಿ ಬರುವ ಹೊತ್ತಿನಿಂದ ಎದುರಿಗಿರುವ ವಸ್ತುವಿನ ದೂರ ತಿಳಿಯುತ್ತವಷ್ಟೆ? ಆ ಸದ್ದಿನ ಹೆಸರನ್ನೇ ಈ ಉಪಕರಣಕ್ಕೆ ಇಟ್ಟರು. ನಾವು ‘ಇದ್ದೀಯಾ?’ ಎಂದು ಕೂಗುತ್ತೇವೆ. ಅತ್ತಣ ಯಂತ್ರ ‘ಇದ್ದೇನೆ’ ಎನ್ನುತ್ತದೆ. ಕೂಗಿಗೂ ಓಗೊಡುವುದಕ್ಕೂ ನಡುವಿನ ಕಾಲವನ್ನು ಪಿಂಗ್ ಸೆಕೆಂಡಿನ ಸಾವಿರದ ಪಾಲಿನಲ್ಲಿ, ಎಂದರೆ ಮಿಲಿಸೆಕೆಂಡಿನಲ್ಲಿ, ಬರೆದು ತೋರಿಸುತ್ತದೆ.

ಈ ಅಂಕಿಯಲ್ಲಿ ದೂರವೂ ಅಡಗಿದೆ. ನಮ್ಮ ಊರಿನ ಝೀರೋ ಮೈಲ್ ಕಂಬವನ್ನು ನೋಡದ ವಾಚಕರಿಲ್ಲ. ಅಲ್ಲಿಂದ ಬೆಂಗಳೂರು ರಸ್ತೆಯ ದಾರಿಯಲ್ಲಿ ಸುಮಾರು 1,100 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಾದರೆ ನಾಗಪುರದ ಕೂಗು ಬೆಂಗಳೂರಿಗೆ ಹೋಗಿ ಬರಲು 11 ಮಿಲಿಸೆಕೆಂಡ್ ಬೇಕೇ ಬೇಕು. ದಾರಿಯ ತಿರುವುಗಳೂ ನಡುವಿನ ನಿಲ್ದಾಣಗಳೂ ಸೇರಿ ಅದು ಎರಡರಷ್ಟೋ ಮೂರರಷ್ಟೋ ಆಗುವುದುಂಟು. 13,000 ಕಿಲೋಮೀಟರ್ ಆಚೆಯ ಅಮೆರಿಕಕ್ಕಾದರೆ 130 ಮಿಲಿಸೆಕೆಂಡಿಗಿಂತ ಕಡಿಮೆಯಾಗುವುದು ಯಾವ ಎಂಜಿನಿಯರನಿಂದಲೂ ಸಾಧ್ಯವಿಲ್ಲ. ಬೆಳಕಿಗಿಂತ ವೇಗವಾಗಿ ಓಡುವ ಟಪಾಲು ಇಲ್ಲ.

ಆದರೆ ಪಿಂಗ್ ಹೇಳುವುದು ಮನೆಯಲ್ಲಿ ಜನರಿದ್ದಾರೆಂಬುದನ್ನು ಮಾತ್ರ. ಒಲೆ ಹೊತ್ತಿದೆಯೇ, ಅಡಿಗೆಯಾಗಿದೆಯೇ ಎಂಬುದನ್ನು ಅದು ಹೇಳಲಾರದು. ಅಲ್ಲದೆ, ಕೆಲವು ಮನೆಯವರು ಕಳ್ಳಕಾಕರ ಭಯದಿಂದ ಬೀದಿಯ ಕೂಗಿಗೆ ಓಗೊಡುವುದೇ ಇಲ್ಲ. ಓಗೊಡಲಿಲ್ಲವೆಂದು ಮನೆ ಖಾಲಿಯೆನ್ನುವಂತಿಲ್ಲ. ಬಾಗಿಲಿಗೇ ಹೋಗಿ ನೋಡಬೇಕು.

ಬಾಗಿಲಿಗೆ ಹೋಗುವ ಉಪಕರಣದ ಹೆಸರು ‘ಕರ್ಲ್’. ಇದರ ಕಥೆ ಗುಮಾಸ್ತರಿಗೆ ಹಿಡಿಸುವಂಥದು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬ ತರುಣರಿಗೆ ದಿನದಿನದ ವಿದೇಶಿ ನಾಣ್ಯ ವಿನಿಮಯದ ದರಗಳನ್ನು ಜಾಲದಿಂದ ತಾನಾಗಿಯೇ ತರಿಸಿಕೊಳ್ಳಬೇಕಾಗಿತ್ತು. ಬ್ರೆಜಿಲ್ ದೇಶದ ರಫಾಯೆಲ್ ಸಗೂಲ ಎಂಬವರು ಬರೆದಿದ್ದ ಒಂದು ಚಿಕ್ಕ ಕ್ರಮವಿಧಿ 1996ರಲ್ಲಿ ಅವರ ಕೈಗೆ ಸಿಕ್ಕಿತು. ಅದನ್ನೇ ತಿದ್ದಿ ಬೆಳೆಸಿ, 1998ರ ಮಾರ್ಚ್ 20ರಂದು ‘ಕರ್ಲ್’ ಎಂಬ ಹೆಸರಿನಿಂದ ಹೊರತಂದರು. ಯಾರಾದರೂ ಬಿಟ್ಟಿಯಾಗಿ ಬಳಸಬಹುದು. ಇಂದು ಅದು ಮೋಟಾರುಗಳಲ್ಲಿ, ಟಿ.ವಿ.ಗಳಲ್ಲಿ, ಫೋನುಗಳಲ್ಲಿ ಕಾಣದಂತೆ ಕುಳಿತು ಕೆಲಸ ಮಾಡುತ್ತಿದೆ. ಈ ಸೇವೆಗಾಗಿ ಸ್ಟೆನ್‌ಬರ್ಗರಿಗೆ 2017ರಲ್ಲಿ ಸ್ವೀಡನ್ನಿನ ಪೋಲ್ಹೆಮ್ ಬಹುಮಾನ ದೊರೆಯಿತು. 2018ರಿಂದ ವಿಂಡೋಸ್ ಹತ್ತರಲ್ಲಿಯೂ ಕರ್ಲ್ ಮೊದಲಿನಿಂದಲೇ ಇರುತ್ತದೆ. ಆದುದರಿಂದ ವಾಚಕರ ಮನೆಯ ಕಂಪ್ಯೂಟರಿನಲ್ಲಿಯೂ ಇದು ಈಗಾಗಲೇ ಇರುವ ಸಂಭವ ಬಹಳ.

ಕರ್ಲ್ ಎಂದು ಬರೆದು, ತೆರಪು ಬಿಟ್ಟು, ಒಂದು ಅಡ್ಡಗೆರೆಯನ್ನೂ ಇಂಗ್ಲಿಷಿನ ದೊಡ್ಡ ‘ಐ’ ಅಕ್ಷರವನ್ನೂ ಹಾಕಿ, ಜಾಲತಾಣದ ವಿಳಾಸ ಬರೆದರೆ ಸಾಕು. ಉತ್ತರದ ಮೊದಲ ಸಾಲಿನಲ್ಲಿ ಮೂರಂಕಿಯ ಒಂದು ಸಂಖ್ಯೆ ಬರುತ್ತದೆ. ನಾವು ಕಡತದ ಮೇಲೆ ಷರಾ ಬರೆಯುವಂತೆ ಸರ್ವರ್ ಬರೆಯುವ ಷರಾ ಇದು. 200 ಎಂದರೆ ‘ಮಂಜೂರು, ಪುಟ ಇಗೋ’. 301 ಎಂದರೆ ‘ಮನೆ ಬದಲಾಯಿಸಿದ್ದೇವೆ, ಹೊಸ ವಿಳಾಸ ಹೀಗಿದೆ’. 403 ಎಂದರೆ ‘ನಿಮಗೆ ಅಧಿಕಾರವಿಲ್ಲ’. 404 ಎಂದರೆ ‘ಈ ಹೆಸರಿನ ಪುಟ ನಮ್ಮಲ್ಲಿ ಇಲ್ಲ’. 500 ಎಂದರೆ ‘ನಮ್ಮೊಳಗೇ ಏನೋ ಕೆಟ್ಟಿದೆ’. 503 ಎಂದರೆ ‘ಸದ್ಯ ಕೈಬಿಡುವಿಲ್ಲ, ಆಮೇಲೆ ಬನ್ನಿ’. ನಾಲ್ಕರಿಂದ ಆರಂಭವಾದರೆ ತಪ್ಪು ಹೆಚ್ಚಾಗಿ ಕೇಳಿದವರದು, ಐದರಿಂದ ಆರಂಭವಾದರೆ ಕೊಡುವವರದು. ಷರಾ ಬರೆಯುವಷ್ಟು ದೂರ ನಾವು ತಲುಪದೆಯೇ ಹೋದರೆ ಕರ್ಲ್ ತಾನೇ ಕಾರಣ ಹೇಳುತ್ತದೆ: ತಪ್ಪು 6 ಎಂದರೆ ವಿಳಾಸವೇ ಸಿಗಲಿಲ್ಲ, 7 ಎಂದರೆ ವಿಳಾಸ ಸಿಕ್ಕಿತು, ಬಾಗಿಲು ತೆರೆಯಲಿಲ್ಲ, 28 ಎಂದರೆ ಕಾದು ಕಾದು ಹೊತ್ತು ಮುಗಿಯಿತು.

ಇಷ್ಟನ್ನು ಕೇಳುವಾಗಲೇ ನಮಗೆ ಮುಜುಗರವಾಗತೊಡಗಿತು. ಅಷ್ಟು ವರ್ಷ ನಾವು ಹೇಳುತ್ತ ಬಂದ ‘ಸರ್ವರ್ ಡೌನ್’ ಎಂಬ ಒಂದೇ ಷರಾದ ಕೆಳಗೆ ಈ ಏಳೆಂಟು ಬೇರೆ ಬೇರೆ ಸಂಗತಿಗಳು ಹೂತುಹೋಗಿದ್ದವು.

ಪುಟ ಇದೆಯೇ ಎಂಬುದಾಯಿತು. ಎಷ್ಟು ಬೇಗ ಬರುತ್ತದೆ ಎಂಬುದನ್ನು ಅಳೆಯುವುದಕ್ಕೂ ಕರ್ಲಿನಲ್ಲಿ ಏರ್ಪಾಡು ಇದೆ. ಅಡ್ಡಗೆರೆಯ ಮುಂದೆ ‘ಡಬ್ಲ್ಯು’ ಎಂಬ ಅಕ್ಷರ ಬರೆದು ಯಾವ ಯಾವ ಕಾಲಗಳು ಬೇಕೆಂದು ಕೇಳಬೇಕು. ಸಾಲು ಉದ್ದವಾದ್ದರಿಂದ ನಮ್ಮ ಭಾವಮೈದುನ ಅದನ್ನು ಒಂದು ಸಣ್ಣ ಕಡತದಲ್ಲಿ ಬರೆದಿಟ್ಟ. ಅದು ಐದು ಅಂಕಿಗಳನ್ನು ಕೊಡುತ್ತದೆ. ಧರಂಪೇಠದಲ್ಲಿರುವ ಸಂಘದ ಸ್ನೇಹಿತರೊಬ್ಬರ ಮನೆಗೆ ನಾವು ಹೋದೆವೆಂದು ಇಟ್ಟುಕೊಂಡರೆ ಇವು ಸುಲಭವಾಗಿ ತಿಳಿಯುತ್ತವೆ.

ಮೊದಲನೆಯದು ವಿಳಾಸ ಹುಡುಕುವ ಹೊತ್ತು. ಜಾಲತಾಣಗಳಿಗೆ ನಾವು ಹೆಸರು ಹೇಳುತ್ತೇವೆ. ಯಂತ್ರಗಳಿಗೆ ಬೇಕಾಗುವುದು ಅಂಕಿ. ಹೆಸರಿಗೆ ಅಂಕಿ ಕೊಡುವ ಡೈರೆಕ್ಟರಿಗೆ ಡಿ.ಎನ್.ಎಸ್. ಎನ್ನುತ್ತಾರೆ. ಪಾಲ್ ಮೊಕಾಪೆಟ್ರಿಸ್ ಎಂಬವರು ಇದನ್ನು ರೂಪಿಸಿದ್ದೂ ಆ 1983ರಲ್ಲಿಯೇ. ಎರಡನೆಯದು ಬಾಗಿಲು ತಟ್ಟಿ ತೆರೆಯಿಸುವ ಹೊತ್ತು. ಮೂರನೆಯದು, ಒಳಗಿರುವವರು ಯಾರು ಎಂದು ಖಾತ್ರಿ ಮಾಡಿಕೊಂಡು, ಹೊರಗಿನವರಿಗೆ ಕೇಳಿಸದ ಗುಪ್ತಭಾಷೆಯನ್ನು ಗೊತ್ತುಮಾಡಿಕೊಳ್ಳುವ ಹೊತ್ತು. ನಾಲ್ಕನೆಯದು, ಒಳಗೆ ಚಹಾ ಕಾಸಿ ಮೊದಲ ಗುಟುಕು ಕೈಗೆ ಬರುವವರೆಗಿನ ಹೊತ್ತು. ಸರ್ವರ್ ನಿಜವಾಗಿ ದುಡಿಯುವುದು ಇಲ್ಲಿ. ಐದನೆಯದು ಕಪ್ಪು ಖಾಲಿಯಾಗುವ ಹೊತ್ತು, ಎಂದರೆ ಪುಟ ಪೂರ್ತಿ ಬಂದು ಮುಟ್ಟಿದ ಕಾಲ. ಒಂದು ಎಚ್ಚರಿಕೆ: ಈ ಐದೂ ಹೊರಟ ಕ್ಷಣದಿಂದಲೇ ಎಣಿಸಿದವು. ಲೆಡ್ಜರಿನ ಶಿಲ್ಕಿನಂತೆ ಒಂದರ ಮೇಲೊಂದು ಏರುತ್ತ ಹೋಗುತ್ತವೆ. ಒಂದೊಂದು ಹಂತದ ಕಾಲ ಬೇಕಾದರೆ ಹಿಂದಿನದನ್ನು ಕಳೆಯಬೇಕು.

ನಮ್ಮ ಕಚೇರಿ ದಿನವೂ ಬಳಸುವ ಆ ಜಾಲತಾಣವನ್ನು ಮನೆಯಿಂದಲೇ ಕೇಳಿದೆವು. ಷರಾ 200. ಕಾಲಗಳು ಕ್ರಮವಾಗಿ 0.03, 0.07, 0.16, 0.52, 0.60 ಸೆಕೆಂಡ್. ಅರ್ಧ ಸೆಕೆಂಡಿನ ಚಿಲ್ಲರೆಯಲ್ಲಿ ಪುಟ ನಮ್ಮ ಮುಂದಿತ್ತು. ‘ಇದು ರಾತ್ರಿ, ಹಗಲು ನೋಡು’ ಎಂದೆವು. ಮರುದಿನ ಸಾಹೇಬರ ಅಪ್ಪಣೆ ಪಡೆದು, ಅದೇ ಸಾಲನ್ನು ಕಚೇರಿಯ ಯಂತ್ರದಲ್ಲಿ ನಾವೇ ಬರೆದೆವು. ಮಧ್ಯಾಹ್ನ ಹನ್ನೆರಡು ಗಂಟೆ, ಕಿಟಕಿಯ ಮುಂದೆ ಸಾಲು ನಿಂತಿತ್ತು. ಷರಾ 200. ಕಾಲಗಳು 9.41, 9.46, 9.56, 9.93, 10.02.

ಕಳೆಯುವ ಲೆಕ್ಕ ಮಾಡಲು ಬಿ.ಎ. ಸಾಕು. ಹತ್ತು ಸೆಕೆಂಡಿನಲ್ಲಿ 9.41 ಸೆಕೆಂಡ್ ವಿಳಾಸ ಹುಡುಕುವುದಕ್ಕೇ ಹೋಗಿತ್ತು. ಉಳಿದ ನಾಲ್ಕೂ ಹಂತ ಸೇರಿ 0.61 ಸೆಕೆಂಡ್, ಮನೆಯಲ್ಲಿ 0.57. ಎಂದರೆ ಸರ್ವರ್ ಸಾಹೇಬರು ಹಗಲಿನಲ್ಲಿಯೂ ಎಚ್ಚರವಾಗಿದ್ದರು, ಚಟುವಟಿಕೆಯಿಂದಲೇ ಇದ್ದರು. ಅವರ ಮನೆಯ ವಿಳಾಸ ಕೇಳಲು ನಾವು ಸತ್ತ ಪೋಸ್ಟ್‌ಮನ್ನನ ಬಳಿ ಹೋಗಿ ನಿಲ್ಲುತ್ತಿದ್ದೆವು! ಕೆಲವು ತಿಂಗಳ ಹಿಂದೆ ಕಚೇರಿಗೆ ಹೊಸ ಜಾಲದ ತಂತಿ ಬಂದಿತ್ತು. ತಂತಿ ಜೋಡಿಸಿದವರು ನಮ್ಮ ಶಾಖೆಯ ಯಂತ್ರಗಳಲ್ಲಿ ಹಳೆಯ ಡೈರೆಕ್ಟರಿಯ ಅಂಕಿಯನ್ನು ಹಾಗೆಯೇ ಬಿಟ್ಟುಹೋಗಿದ್ದರು. ಪ್ರತಿ ಸಲವೂ ಯಂತ್ರ ಮೊದಲು ಆ ಹಳೆಯ ಅಂಕಿಯನ್ನು ಕೇಳಿ, ಉತ್ತರ ಬಾರದೆ ಕಾದು, ಬೇಸತ್ತ ಮೇಲೆ ಬೇರೆ ಕಡೆ ಹೋಗುತ್ತಿತ್ತು. ಒಂದೇ ಪುಟಕ್ಕೆ ಹಲವು ಹೆಸರುಗಳ ವಿಳಾಸ ಬೇಕಾದಾಗ ಈ ಒಂಬತ್ತೊಂಬತ್ತು ಸೆಕೆಂಡುಗಳು ಕೂಡುತ್ತ ಹೋಗಿ, ಕೊನೆಗೆ ಚಕ್ರ ತಿರುಗಿ ತಿರುಗಿ ಎಲ್ಲವೂ ನಿಂತುಬಿಡುತ್ತಿತ್ತು. ಅಂಕಿ ತಿದ್ದಲು ಹಿಡಿದದ್ದು ಹತ್ತು ನಿಮಿಷ.

ಆ ಹತ್ತು ನಿಮಿಷ ಮುಗಿದಾಗ ಶಾಖೆಯವರೆಲ್ಲ ಸಂತೋಷಪಟ್ಟರು. ನಮ್ಮ ಮನಸ್ಸಿನಲ್ಲಿ ಮಾತ್ರ ಬಾಗಿಲ ಬಳಿಯ ಬೆಂಚು ಬಂದು ನಿಂತಿತು. ಆಕೆ ಕಾದ ಆ ಇಡೀ ದಿನವೂ ಸರ್ವರ್ ಎದ್ದೇ ಇತ್ತು. ನಮ್ಮ ಫೋನಿನಲ್ಲಿ ಒಮ್ಮೆ ನೋಡಿದ್ದರೂ ತಿಳಿಯುತ್ತಿತ್ತು. ಎರಡು ದಿನದ ಕೂಲಿ, ಹೋಗಿಬರುವ ಬಸ್ಸಿನ ಹಣ, ಒಂದು ಹುಡುಗಿಯ ಒಂದು ವರ್ಷದ ವಿದ್ಯಾರ್ಥಿವೇತನ. ಇಷ್ಟೂ ಹೋದದ್ದು ಒಂದು ಅಂಕಿಯ ತಪ್ಪಿನಿಂದ. ಅಂಕಿ ತಪ್ಪು ಬರೆದವರು ಬೇರೆಯವರಿರಬಹುದು. ಪರೀಕ್ಷಿಸದೆ ‘ಡೌನ್’ ಎಂದವರು ನಾವು.

ಹಾಗೆಂದು ಸರ್ವರುಗಳು ಎಂದಿಗೂ ಬೀಳುವುದಿಲ್ಲವೆಂದು ಯಾರೂ ತಿಳಿಯಬಾರದು. ದೊಡ್ಡವೂ ಬೀಳುತ್ತವೆ. ನಮ್ಮ ಬೆಂಗಳೂರಿನ ಇನ್ಫೋಸಿಸ್ ಕಟ್ಟಿದ ಆದಾಯ ತೆರಿಗೆಯ ಹೊಸ ಜಾಲತಾಣ 2021ರ ಜೂನ್ 7ರಂದು ಆರಂಭವಾಯಿತು. ಮೊದಲ ದಿನದಿಂದಲೇ ತೊಡಕುಗಳು ಎದ್ದವು. ಆಗಸ್ಟ್ 21 ಮತ್ತು 22ರಂದು ತಾಣವೇ ಸಿಗದಾಗಿ, ಕಂಪನಿಯ ಮುಖ್ಯಾಧಿಕಾರಿಗಳನ್ನು ಹಣಕಾಸು ಮಂತ್ರಾಲಯವು ದೆಹಲಿಗೆ ಕರೆಸಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆ ವರ್ಷ ತೆರಿಗೆ ವಿವರಪತ್ರದ ಗಡುವನ್ನು ಡಿಸೆಂಬರ್ 31ಕ್ಕೆ ಮುಂದೂಡಲಾಯಿತು. ಅಮೆರಿಕದವರು 2013ರ ಅಕ್ಟೋಬರ್ 1ರಂದು ಆರೋಗ್ಯ ವಿಮೆಗಾಗಿ ತೆರೆದ ಸರಕಾರಿ ತಾಣದ ಕಥೆ ಇನ್ನೂ ಸೋಜಿಗದ್ದು. ಲಕ್ಷಗಟ್ಟಲೆ ಜನ ಬಾಗಿಲು ತಟ್ಟಿದರು. ಮೊದಲ ದಿನ ವಿಮೆ ಪಡೆಯುವಲ್ಲಿ ಸಫಲರಾದವರು ಆರೇ ಜನ. ಮದುವೆಯ ಮನೆಗೆ ಸಾವಿರ ಎಲೆಯ ಜನ ಬರುವರೆಂದು ತಿಳಿದೂ ಒಂದೇ ಒಲೆ ಹೂಡಿದಂತಾಯಿತು.

ಇದನ್ನು ಮುಂಚಿತವಾಗಿ ಪರೀಕ್ಷಿಸುವ ಉಪಕರಣಗಳೂ ಕಪ್ಪು ಕಿಟಕಿಯಲ್ಲಿಯೇ ಇವೆ. ‘ಅಪಾಚೆ ಬೆಂಚ್’ ಎಂಬುದೊಂದು, ‘ಸೀಜ್’ ಎಂಬುದೊಂದು. ಇವು ಒಂದೇ ಸಲಕ್ಕೆ ನೂರು, ಇನ್ನೂರು ಅತಿಥಿಗಳಂತೆ ನಟಿಸಿ, ತಾಣವು ಎಷ್ಟು ಜನರನ್ನು ತಾಳಿಕೊಳ್ಳುತ್ತದೆಂದು ಅಳೆಯುತ್ತವೆ. ಆದರೆ ಇವನ್ನು ತಮ್ಮ ಸ್ವಂತ ತಾಣದ ಮೇಲೆ ಮಾತ್ರ ಪ್ರಯೋಗಿಸಬೇಕು. ಬೇರೆಯವರ ಮನೆಗೆ ಇನ್ನೂರು ಸುಳ್ಳು ಅತಿಥಿಗಳನ್ನು ಕಳಿಸಿ ನಿಜವಾದ ಅತಿಥಿಗಳು ಒಳಗೆ ಹೋಗದಂತೆ ಮಾಡುವುದು ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಅಪರಾಧ. ಒಂದೆರಡು ಸಲ ಬಾಗಿಲು ತಟ್ಟಿ ನೋಡಲು ಅಡ್ಡಿಯಿಲ್ಲ. ದಿನವೆಲ್ಲ ಬಡಿಯುತ್ತ ನಿಲ್ಲಬಾರದು. ಕಾಲೇಜಿನ ಹುಡುಗರಿರುವ ಮನೆಯವರು ಈ ಮಾತನ್ನು ಗಮನಿಸಬೇಕೆಂದು ಕೋರುತ್ತೇವೆ.

ಕರ್ಲ್ ಹೇಳಿದ್ದೇ ವೇದವಾಕ್ಯವೂ ಅಲ್ಲ. ಅದು ಪುಟದ ಅಕ್ಷರಗಳನ್ನು ಮಾತ್ರ ತರುತ್ತದೆ. ಚಿತ್ರಗಳನ್ನೂ ಉಳಿದ ಸಲಕರಣೆಗಳನ್ನೂ ತರಿಸಿ ಜೋಡಿಸುವುದಿಲ್ಲ. ಆದುದರಿಂದ ಕಣ್ಣಿಗೆ ಪುಟ ಕಾಣುವ ಹೊತ್ತು ಅದಕ್ಕಿಂತ ಹೆಚ್ಚೇ ಇರುತ್ತದೆ. ಕೆಲವು ತಾಣಗಳು ‘ದುರಸ್ತಿ ನಡೆದಿದೆ’ ಎಂಬ ಫಲಕವನ್ನು ತೋರಿಸುತ್ತಲೇ ಷರಾ ಮಾತ್ರ 200 ಎಂದು ಬರೆಯುವುದುಂಟು. ಕೊನೆಗೆ ಪುಟವನ್ನು ಕಣ್ಣಾರೆ ನೋಡಿಯೇ ನಿರ್ಣಯಿಸಬೇಕು.

ಎಷ್ಟು ವೇಗವಿದ್ದರೆ ಸಾಕು ಎಂಬುದಕ್ಕೂ ಬಲ್ಲವರು ಒಂದು ಅಳತೆ ಹೇಳಿದ್ದಾರೆ. ಐ.ಬಿ.ಎಂ. ಕಂಪನಿಯ ರಾಬರ್ಟ್ ಮಿಲ್ಲರ್ 1968ರಲ್ಲಿಯೇ ಇದನ್ನು ವಿಚಾರಿಸಿದರು. ಜೇಕಬ್ ನೀಲ್ಸನ್ 1993ರಲ್ಲಿ ಅದನ್ನು ಮೂರು ಮಾತಿನಲ್ಲಿ ಹೇಳಿದರು. ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಉತ್ತರ ಬಂದರೆ ಮನುಷ್ಯನಿಗೆ ತತ್‌ಕ್ಷಣ ಬಂದಂತೆನಿಸುತ್ತದೆ. ಒಂದು ಸೆಕೆಂಡಿನವರೆಗೆ ಅವನ ಯೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ಸೆಕೆಂಡ್ ಮೀರಿದರೆ ಗಮನ ಬೇರೆಡೆಗೆ ಹೋಗುತ್ತದೆ. ಈ ಲೆಕ್ಕದಲ್ಲಿ ನಮ್ಮ ಕಚೇರಿ ಸರಿಯಾಗಿ ಹತ್ತರ ಗಡಿಯಲ್ಲಿ ನಿಂತಿತ್ತು. ಆದರೆ ಈ ಪಂಡಿತರು ಅಳೆದದ್ದು ಕುರ್ಚಿಯ ಮೇಲೆ ಕುಳಿತವನ ಸಹನೆಯನ್ನು. ಕಿಟಕಿಯಾಚೆ ನಿಂತವರ ಸಹನೆ ಬಹಳ ದೊಡ್ಡದು. ಅವರು ಐದು ಗಂಟೆಯವರೆಗೂ ಕಾಯುತ್ತಾರೆ.

ಇದೆಲ್ಲ ಸರಿ, ಸಂಸಾರಸ್ಥರಾದ ನಮಗೆ ಇದರಿಂದ ಏನು ಎಂದು ವಾಚಕರು ಕೇಳಬಹುದು. ಊರು ಬಿಟ್ಟು ಬಂದವರಿಗೇ ಇದು ಹೆಚ್ಚು ಬೇಕು ಎಂಬುದು ನಮ್ಮ ಅಭಿಪ್ರಾಯ. ಊರಿನಲ್ಲಿ ಇರುವವರು ಹೊಲದ ಉತಾರಕ್ಕೆ ತಾಲೂಕು ಕಚೇರಿಗೆ ನಡೆದು ಹೋದಾರು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ, ನಾಗಪುರದಲ್ಲಿ ಕುಳಿತ ನಮಗೆ ತಂದೆಯ ಹೊಲದ ದಾರಿ ಈ ತೆರೆಯ ಮೂಲಕವೇ. ನವೆಂಬರ್ ಬಂತೆಂದರೆ ನಮ್ಮ ಹಿರಿಯರು ಪೆನ್ಶನ್ನಿಗಾಗಿ ತಾವು ಜೀವಂತವಾಗಿದ್ದೇವೆಂದು ರುಜುವಾತು ಮಾಡಬೇಕು; 2014ರ ನವೆಂಬರ್ 10ರಂದು ಆರಂಭವಾದ ‘ಜೀವನ ಪ್ರಮಾಣ’ದಿಂದ ಅದನ್ನೂ ಮನೆಯಿಂದಲೇ ಮಾಡಬಹುದು. ದೀಪಾವಳಿಗೆ ಊರಿಗೆ ಹೋಗುವ ತತ್ಕಾಲ್ ಟಿಕೀಟಿನ ಪಾಡನ್ನಂತೂ ಹೇಳುವುದೇ ಬೇಡ. ಇವುಗಳಲ್ಲಿ ಯಾವುದು ನಿಂತರೂ ಯಾರೋ ಒಬ್ಬರು ‘ಸರ್ವರ್ ಡೌನ್’ ಎನ್ನುತ್ತಾರೆ, ನಾವು ನಂಬಿ ಎದ್ದುಬಿಡುತ್ತೇವೆ.

ಇನ್ನು ಮುಂದೆ ಹಾಗೆ ಏಳಬೇಡಿರಿ. ಅದೇ ತಾಣವನ್ನು ಫೋನಿನ ಜಾಲದಲ್ಲಿ ಒಮ್ಮೆ, ಮನೆಯ ತಂತಿಯಲ್ಲಿ ಒಮ್ಮೆ ನೋಡಿರಿ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ದೋಷ ನಮ್ಮ ಬಾಗಿಲಿನಲ್ಲಿದೆ. ಎರಡರಲ್ಲಿಯೂ ಬಾರದಿದ್ದರೆ ಕರ್ಲಿನಿಂದ ಷರಾ ಕೇಳಿ ದಿನಾಂಕ, ವೇಳೆ ಸಹಿತ ಬರೆದಿಟ್ಟುಕೊಳ್ಳಿರಿ. ಗಡುವು ತಪ್ಪಿದಾಗ ‘ತಾಣ ಬರಲಿಲ್ಲ’ ಎಂಬ ಬಾಯಿಮಾತಿಗಿಂತ ‘ಇಂಥ ದಿನ ಇಷ್ಟು ಗಂಟೆಗೆ 503 ಬಂದಿತು’ ಎಂಬ ಬರವಣಿಗೆಗೆ ಕಚೇರಿಯಲ್ಲಿ ಬೆಲೆ ಹೆಚ್ಚು. ಇದನ್ನು ಗುಮಾಸ್ತರಾಗಿ ಹೇಳುತ್ತಿದ್ದೇವೆ. ಎಲ್ಲಕ್ಕಿಂತ ಮಿಗಿಲಾಗಿ, ಕಡೆಯ ದಿನದವರೆಗೆ ಕಾಯಬೇಡಿರಿ.

ನಮ್ಮ ಶಾಖೆಯಲ್ಲಿ ಈಗ ಒಂದು ವಹಿ ಇದೆ. ಬೆಳಿಗ್ಗೆ ಹತ್ತೂವರೆಗೆ, ಮಧ್ಯಾಹ್ನ ಎರಡಕ್ಕೆ, ಷರಾ ಎಷ್ಟು, ಸೆಕೆಂಡ್ ಎಷ್ಟು ಎಂದು ನಾವೇ ಬರೆಯುತ್ತೇವೆ. ಅಲ್ಲಿ ದೋಷವಿದ್ದರೆ ಅಲ್ಲಿಗೆ, ಇಲ್ಲಿ ದೋಷವಿದ್ದರೆ ಇಲ್ಲಿಗೆ ಹೇಳುತ್ತೇವೆ. ಜನರನ್ನು ಬರಿಗೈಯಲ್ಲಿ ಕಳಿಸಬೇಕಾದರೆ ಅವರ ಫೋನ್ ಸಂಖ್ಯೆ ಬರೆದುಕೊಂಡು, ಸರಿಯಾದ ಮೇಲೆ ಕರೆಯುತ್ತೇವೆ.

ಮರುವರ್ಷ ಅರ್ಜಿಗಳು ಆರಂಭವಾದ ಮೊದಲ ವಾರದಲ್ಲಿಯೇ ಆ ಹೆಣ್ಣುಮಗಳು ಬಂದಳು. ಜೊತೆಗೆ ಮಗಳೂ ಇದ್ದಳು. ದೂರದಿಂದಲೇ ಗುರುತು ಹಿಡಿದು, ಅದೇ ಪ್ಲಾಸ್ಟಿಕ್ ಚೀಲ ಬಿಚ್ಚುತ್ತ, ‘ಭಾವೂ, ಇವತ್ತಾದರೂ ಸರ್ವರ್ ಸಾಹೇಬರು ಎದ್ದಿದ್ದಾರೆಯೇ?’ ಎಂದು ಕೇಳಿದಳು. ದಾಖಲೆಯ ಮುದ್ರಣ ಎರಡು ನಿಮಿಷದಲ್ಲಿ ಮುಗಿಯಿತು. ಕೊಡುವಾಗ, ‘ಬಾಯಿ, ಅವರು ಹೋದ ವರ್ಷವೂ ಎದ್ದೇ ಇದ್ದರು. ಮಲಗಿದ್ದವರು ನಾವು’ ಎಂದು ಹೇಳಿದೆವು. ಆಕೆಗೆ ಎಷ್ಟು ತಿಳಿಯಿತೋ ಕಾಣೆವು. ಮಗಳಿಗೆ ತಿಳಿಯಿತು. ಆಕೆ ನಮ್ಮ ಮುಖವನ್ನು ಒಂದು ಗಳಿಗೆ ನೋಡಿ, ಕಾಗದ ಮಡಚಿಕೊಂಡು, ತಾಯಿಯ ಕೈ ಹಿಡಿದು ಹೊರಟಳು. ಹೋದ ವರ್ಷದ ಹಣವನ್ನು ಅವರಿಗೆ ಮರಳಿಸುವ ಆಜ್ಞೆ ಯಾವ ಕಪ್ಪು ಕಿಟಕಿಯಲ್ಲಿಯೂ ಇಲ್ಲ.

ಸಂಘದ ಮುಂದಿನ ತಿಂಗಳ ಸಭೆಯ ದಿನ, ಕಾರ್ಯಕ್ರಮ ಮುಗಿದ ಮೇಲೆ, ಬೇಕೆಂಬ ಹಿರಿಯರಿಗೂ ಮಹಿಳೆಯರಿಗೂ ಈ ಎರಡು ಆಜ್ಞೆಗಳನ್ನು ತೋರಿಸಲು ನಾವು ಒಂದು ತಾಸು ಕುಳಿತಿರುತ್ತೇವೆ. ಕಲಿಯಲು ಇಂಗ್ಲಿಷಿನ ಹತ್ತು ಅಕ್ಷರ ಬಂದರೆ ಸಾಕು. ನವೆಂಬರ್ ಬರುವುದಕ್ಕೆ ಮೊದಲೇ ಬನ್ನಿರೆಂದು ಬಿನ್ನವಿಸಿ ಲೇಖನವನ್ನು ಮುಗಿಸುತ್ತೇವೆ.